ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ: ಎಂಎಸ್ ಇರುವವರ ಶ್ರವಣ ಪರೀಕ್ಷೆಯ ಬಗ್ಗೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಇರುವವರ ಆರೋಗ್ಯ ವಿಚಾರಿಸುವಾಗ ನಮ್ಮ ಕೋಲಾರದ ಕಡೆ ಜನ ನಡಿಗೆ ಹೇಗಿದೆ ಎಂದು ಕೇಳುತ್ತಾರೆ, ಕಣ್ಣು ಹೇಗಿದೆ ಎಂದು ಕೇಳುತ್ತಾರೆ, ಹತ್ತಿರದವರಾದರೆ ಸುಸ್ತಿನ ಬಗ್ಗೆಯೂ ಕೇಳುತ್ತಾರೆ. ಕಿವಿಯ ಮಾತು ಮಾತ್ರ ಬರುವುದೇ ಇಲ್ಲ. ನರರೋಗ ತಜ್ಞರ ಕೊಠಡಿಯಲ್ಲಿಯೂ ಆ ಪ್ರಶ್ನೆ ಅಪರೂಪವೇ. ಅದಕ್ಕೆ ಕಾರಣವೂ ಇದೆ, ಎಂಎಸ್‌ನಿಂದ ಪೂರ್ತಿ ಕಿವುಡಾಗುವವರು ತೀರ ವಿರಳ. ಆದರೆ ಸದ್ದು ಕೇಳಿಸುವುದು ಬೇರೆ, ಗದ್ದಲದ ನಡುವೆ ಆಡಿದ ಮಾತು ತಿಳಿಯುವುದು ಬೇರೆ. ಮೊದಲನೆಯದು ಸರಿಯಾಗಿದ್ದು ಎರಡನೆಯದು ಕೆಟ್ಟಿರಬಹುದು. ಅಂಥ ಸಂದರ್ಭದಲ್ಲಿ ಸಾಮಾನ್ಯ ಶ್ರವಣ ಪರೀಕ್ಷೆಯ ಕಾಗದ ‘ನಾರ್ಮಲ್’ ಎನ್ನುತ್ತಲೇ ಇರುತ್ತದೆ, ಮನೆಯವರು ‘ಸ್ವಲ್ಪ ಗಮನ ಕೊಟ್ಟು ಕೇಳು’ ಎನ್ನುತ್ತಲೇ ಇರುತ್ತಾರೆ, ರೋಗಿ ತನ್ನ ಗಮನದಲ್ಲಿಯೇ ಏನೋ ದೋಷವಿದೆ ಎಂದು ನಂಬತೊಡಗುತ್ತಾನೆ. ಆ ಸ್ಥಿತಿಯನ್ನು ಹಿಡಿದು ತೋರಿಸಬಲ್ಲ ಪರೀಕ್ಷೆಗಳಿವೆ. ಅವುಗಳ ಬಗ್ಗೆ ನಾನು ಓದಿ ತಿಳಿದದ್ದನ್ನೂ, ನನ್ನ ಮೇಲೆ ಆದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬಲಗಣ್ಣು ಕೆಲವೇ ದಿನಗಳಲ್ಲಿ ಮಂಜಾಗಿ, ಅದು ಆಪ್ಟಿಕ್ ನ್ಯೂರೈಟಿಸ್, ಅಂದರೆ ಕಣ್ಣಿನ ನರದ ಉರಿಯೂತ ಎಂದು ತಿಳಿದು, ಎಂಆರ್‌ಐ ಮತ್ತು ಬೆನ್ನುಹುರಿಯ ದ್ರವದ ಪರೀಕ್ಷೆಗಳಾದ ಮೇಲೆ ನನಗೆ ಎಂಎಸ್ ಇರುವುದು ಖಚಿತವಾಯಿತು. ಕಾಯಿಲೆಯ ಪರಿಚಯ ಇಲ್ಲದವರಿಗಾಗಿ ಎರಡು ಮಾತು: ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದೊಳಗಿನ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ, ಸಂಕೇತಗಳು ವೇಗವಾಗಿ ಓಡುವುದು ಆ ಹೊದಿಕೆಯಿಂದಲೇ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಅದರ ಮೇಲೆ ಬೀಳುತ್ತದೆ. ಹೊದಿಕೆ ಕಳಚಿದ ಕಡೆ ಸಂಕೇತ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ, ಮತ್ತು ಆ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಪ್ಯಾರಿಸ್ಸಿನ ವೈದ್ಯ ಶಾರ್ಕೊ 1868ರಲ್ಲಿ ಈ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದಾಗ ಹೆಸರಿಟ್ಟದ್ದು ಈ ಕಲೆಗಳನ್ನು ಕಂಡೇ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಆರಂಭವಾಗುವ ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನನಗೆ ಮೊದಲು ಕಷ್ಟವಾದದ್ದು ಹಿಂದಿನ ಬೆಂಚಿನ ಮಕ್ಕಳ ಉತ್ತರಗಳನ್ನು ಹಿಡಿಯುವುದು. ಹೊರಗೆ ಇನ್ನೊಂದು ತರಗತಿ ಆಟಕ್ಕೆ ಹೊರಟಿದ್ದರೆ, ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಮಗುವಿನ ದನಿ ಕಿವಿಗೆ ಬೀಳುತ್ತಿತ್ತು, ಅದರೊಳಗಿನ ಪದಗಳು ಬಿಡಿಬಿಡಿಯಾಗಿ ಸಿಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕೈಬಿಟ್ಟು ಹೋಗುತ್ತಿತ್ತು. ರಾತ್ರಿ ಮನೆಯಲ್ಲಿ, ಫೋನಿನಲ್ಲಿ, ಒಬ್ಬರೇ ಎದುರು ಕೂತು ಮಾತಾಡುವಾಗ ಯಾವ ತೊಂದರೆಯೂ ಇಲ್ಲ. ನನ್ನ ತಮ್ಮ ವೇಮಗಲ್ ಕಡೆ ಟೊಮೆಟೊ ಬೆಳೆಯುತ್ತಾನೆ. ಸುಗ್ಗಿಯ ಕಾಲದಲ್ಲಿ ಅವನ ಜೊತೆ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹೋದರೆ, 15 ಕೆ.ಜಿ. ಬಾಕ್ಸುಗಳ ಸಾಲುಗಳ ನಡುವೆ ಹರಾಜು ಕೂಗುವವರು, ಬೆಲೆ ಏರಿಸುವ ವ್ಯಾಪಾರಿಗಳು, ದಾರಿ ಬಿಡಿ ಎನ್ನುವ ಹಮಾಲರು, ಹಿಂದೆ ಸರಿಯುತ್ತಿರುವ ಲಾರಿಗಳು, ಎಲ್ಲವೂ ನನಗೆ ಒಂದೇ ಮಟ್ಟದಲ್ಲಿ ಕೇಳಿಸುತ್ತಿದ್ದವು. ನಮ್ಮ ಲಾಟಿನ ಸರದಿ ಬಂದಾಗ ಕೂಗಿದ್ದು ಇಪ್ಪತ್ತೋ ಎಪ್ಪತ್ತೋ ಎಂಬುದನ್ನು ತಮ್ಮನ ಮುಖ ನೋಡಿ ತಿಳಿಯಬೇಕಾಗುತ್ತಿತ್ತು. ರಸ್ತೆ ದಾಟುವಾಗ ಬೈಕಿನ ಹಾರ್ನ್ ಕೇಳುತ್ತಿತ್ತು, ಅದು ಎಡಗಡೆಯಿಂದಲೋ ಬಲಗಡೆಯಿಂದಲೋ ಎಂದು ತಕ್ಷಣ ಹೇಳಲಾಗುತ್ತಿರಲಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇವೆಲ್ಲ ಹೆಚ್ಚಾಗುತ್ತಿದ್ದವು. ಮೈ ಬಿಸಿಯಾದಾಗ ಎಂಎಸ್‌ನ ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಗೊಳ್ಳುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊತ್‌ಹಾಫ್ 1890ರಲ್ಲಿ ಬರೆದಿದ್ದರು. ಅವರು ಗಮನಿಸಿದ್ದು ದೈಹಿಕ ಶ್ರಮದ ನಂತರ ದೃಷ್ಟಿ ಮಂಜಾಗುವುದನ್ನು. ಹೊದಿಕೆ ಕಳೆದುಕೊಂಡ ತಂತು ಬಿಸಿಗೆ ಸೋಲುವುದು ಕಣ್ಣಿನ ನರಕ್ಕೆ ಮಾತ್ರ ಸೀಮಿತವಾದದ್ದೇನಲ್ಲ.

ಕಿವಿಯ ದೂರು ಹೇಳಿದವರಿಗೆ ಮೊದಲು ಮಾಡುವುದು ಪ್ಯೂರ್ ಟೋನ್ ಆಡಿಯೋಮೆಟ್ರಿ. ಸದ್ದು ಒಳಬಾರದ ಚಿಕ್ಕ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರವನ್ನು ಕಡಿಮೆ ಮಾಡುತ್ತಾ ಹೋಗಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಿಸುತ್ತಾರೆ. 25 ಡೆಸಿಬೆಲ್ ಅಥವಾ ಅದಕ್ಕಿಂತ ಮೆಲ್ಲನೆಯ ಸದ್ದು ಕೇಳಿಸಿದರೆ ನಮ್ಮಲ್ಲಿ ವಯಸ್ಕರಿಗೆ ನಾರ್ಮಲ್ ಎಂದು ಬರೆಯುವುದು ರೂಢಿ. ನನ್ನದು ಎರಡೂ ಕಿವಿಗಳಲ್ಲಿ ಆ ಗೆರೆಯ ಒಳಗೇ ಇತ್ತು. ಪರೀಕ್ಷೆ ಮಾಡಿದ ಕಡೆ ‘ಕಿವಿ ಚೆನ್ನಾಗಿದೆ, ಟೆನ್ಶನ್ ಮಾಡಿಕೊಳ್ಳಬೇಡಿ’ ಎಂದು ಕಾಗದ ಕೈಗಿತ್ತು ಕಳಿಸಿದರು. ನನಗೆ ಎಂಎಸ್ ಇದೆ ಎಂಬುದು ಅರ್ಜಿಯ ಮೇಲೆ ಬರೆದಿತ್ತು. ಅದನ್ನು ಓದಿ ಇನ್ನೊಂದು ಪರೀಕ್ಷೆ ಮಾಡೋಣ ಎಂದು ಯಾರೂ ಹೇಳಲಿಲ್ಲ.

ಆ ಪರೀಕ್ಷೆ ಸುಳ್ಳು ಹೇಳಿತು ಎನ್ನುವುದು ನನ್ನ ಮಾತಲ್ಲ. ಅದು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು: ಕಿವಿಯೊಳಗಿನ ಶಂಖದ ಆಕಾರದ ಅಂಗ, ಅಂದರೆ ಕಾಕ್ಲಿಯಾ, ಚೆನ್ನಾಗಿದೆ. ಎಂಎಸ್ ಆ ಅಂಗವನ್ನು ಮುಟ್ಟುವುದಿಲ್ಲ. ಕಾಕ್ಲಿಯಾದಿಂದ ಹೊರಟ ಶ್ರವಣನರದ ಮೊದಲ ಭಾಗಕ್ಕೂ ಅದು ಸಾಮಾನ್ಯವಾಗಿ ತಾಗುವುದಿಲ್ಲ, ಯಾಕೆಂದರೆ ಅಲ್ಲಿನ ಮೈಲಿನ್ನನ್ನು ಶ್ವಾನ್ ಕೋಶಗಳು ಕಟ್ಟುತ್ತವೆ. ಮೆದುಳಿನ ಕಡೆಯ ತುದಿಗೆ ಬಂದ ಮೇಲೆ ಆ ಕೆಲಸ ಆಲಿಗೋಡೆಂಡ್ರೋಸೈಟ್ ಎಂಬ ಬೇರೆ ಕೋಶಗಳ ಪಾಲಿಗೆ ಬರುತ್ತದೆ, ಎಂಎಸ್‌ನ ಗುರಿ ಅವುಗಳ ಮೈಲಿನ್. ಅಲ್ಲಿಂದ ಮುಂದೆ ಶ್ರವಣಮಾರ್ಗ ಮೆದುಳಿನ ಕಾಂಡದೊಳಗೆ (ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಭಾಗ) ಒಂದೊಂದೇ ನರಠಾಣೆ ದಾಟುತ್ತಾ, ಕಾಕ್ಲಿಯರ್ ನ್ಯೂಕ್ಲಿಯಸ್ಸಿನಿಂದ ಸುಪೀರಿಯರ್ ಆಲಿವ್‌ಗೆ, ಅಲ್ಲಿಂದ ಲ್ಯಾಟರಲ್ ಲೆಮ್ನಿಸ್ಕಸ್ ಮೂಲಕ ಇನ್ಫೀರಿಯರ್ ಕೊಲಿಕ್ಯುಲಸ್‌ಗೆ, ಆಮೇಲೆ ಥಲಾಮಸ್ ದಾಟಿ ಮೆದುಳಿನ ಹೊರಪದರದ ಶ್ರವಣಕೇಂದ್ರಕ್ಕೆ ಹೋಗುತ್ತದೆ. ಈ ದಾರಿ ಹಲವು ಕಡೆ ಎಡಬಲಗಳನ್ನು ದಾಟಿ ಹೆಣೆದುಕೊಂಡಿರುವುದರಿಂದ ಒಂದು ಜಾಗದಲ್ಲಿ ಗಾಯವಾದರೂ ಸಂಕೇತಕ್ಕೆ ಬೇರೆ ದಾರಿ ಸಿಗುತ್ತದೆ. ಎಂಎಸ್‌ನಲ್ಲಿ ಕಿವುಡುತನ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ. ಮೌನದಲ್ಲಿ ಒಂದೇ ಸ್ವರ ಕೇಳಿಸಿತೋ ಇಲ್ಲವೋ ಎಂದು ಹೇಳಲು ಒಂದಷ್ಟು ತಂತುಗಳು ಹೇಗೋ ಮೇಲೆ ತಲುಪಿದರೆ ಸಾಕು, ಅವು ತಡವಾಗಿ ತಲುಪಿದರೂ ಗುಂಡಿ ಒತ್ತುವ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮಾತು ತಿಳಿಯಲು ಮಾತ್ರ ಸಂಕೇತಗಳು ತಲುಪುವ ಹೊತ್ತು ಕರಾರುವಾಕ್ಕಾಗಿ ಹೊಂದಲೇಬೇಕು. ಊರಹಬ್ಬದಲ್ಲಿ ತಮಟೆಯ ತಂಡ ಒಟ್ಟಿಗೆ ಬಾರಿಸುವುದನ್ನು ನಮ್ಮ ಕಡೆಯವರೆಲ್ಲ ಕೇಳಿರುತ್ತಾರೆ: ಹತ್ತು ಜನರ ಕೋಲು ಒಂದೇ ಕ್ಷಣಕ್ಕೆ ಬಿದ್ದರೆ ಪೆಟ್ಟು ಕತ್ತರಿಸಿದ ಹಾಗೆ ಸ್ಪಷ್ಟ, ಒಬ್ಬೊಬ್ಬರು ಚೂರುಚೂರು ಹಿಂದುಮುಂದಾದರೆ ಸದ್ದು ಅಷ್ಟೇ ಜೋರಾಗಿದ್ದರೂ ಗತ್ತು ಕಲಸಿಹೋಗುತ್ತದೆ. ಹೊದಿಕೆ ಕಳಚಿದ ನರತಂತುಗಳಲ್ಲಿ ಆಗುವುದು ಇದೇ. ಪ್ರತಿಯೊಂದೂ ತನ್ನದೇ ಪ್ರಮಾಣದಲ್ಲಿ ತಡಮಾಡುತ್ತದೆ. ಕನ್ನಡದಂಥ ಭಾಷೆಗೆ ಇದರ ಪೆಟ್ಟು ಇನ್ನೂ ನೇರ. ‘ಕಾಳಿ’ ಮತ್ತು ‘ಗಾಳಿ’ಗಳ ವ್ಯತ್ಯಾಸವನ್ನು ಕಿವಿ ಹಿಡಿಯುವುದು ಕಂಠದ ಕಂಪನ ಯಾವಾಗ ಶುರುವಾಯಿತು ಎಂಬ ಕೆಲವು ಹತ್ತು ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ‘ಕತೆ’ ಮತ್ತು ‘ಕತ್ತೆ’ಗಳ ನಡುವೆ ಇರುವುದು ಬಾಯಿ ಮುಚ್ಚಿದ ಹೊತ್ತಿನ ಮೌನ ಎಷ್ಟು ಉದ್ದ ಎಂಬುದಷ್ಟೇ. ಸದ್ದಿನ ನಡುವಿನ ಅಂಥ ಪುಟ್ಟ ಮೌನಗಳನ್ನು ಗುರುತಿಸುವ ಶಕ್ತಿಯನ್ನೇ ಅಳೆಯಲು ಗ್ಯಾಪ್ ಡಿಟೆಕ್ಷನ್ ಎಂಬ ಪರೀಕ್ಷೆಯಿದೆ. ಸದ್ದಿಲ್ಲದ ಕೋಣೆಯಲ್ಲಿ ಸಂದರ್ಭದ ಸಹಾಯದಿಂದ ಇವನ್ನೆಲ್ಲ ಮೆದುಳು ತುಂಬಿಕೊಳ್ಳುತ್ತದೆ. ಗದ್ದಲದಲ್ಲಿ ತುಂಬಿಕೊಳ್ಳಲು ಬೇಕಾದ ಸುಳಿವುಗಳೇ ಮುಳುಗಿಹೋಗುತ್ತವೆ.

ನಾರ್ಮಲ್ ಆಡಿಯೋಗ್ರಾಂ (ಆ ಮೊದಲ ಪರೀಕ್ಷೆಯ ಫಲಿತಾಂಶ) ಬಂದ ಮೇಲೆ ಎಂಎಸ್ ರೋಗಿಗೆ ಕೇಳಬೇಕಾದ ಮುಂದಿನ ಪ್ರಶ್ನೆ, ಹಾಗಾಗಿ, ಕಾಕ್ಲಿಯಾದ ಆಚೆ ಏನಾಗಿದೆ ಎಂಬುದು. ಅದಕ್ಕೆ ಹಲವು ಬಾಗಿಲುಗಳಿವೆ. ಓಟೋಅಕೌಸ್ಟಿಕ್ ಎಮಿಷನ್ ಎಂಬ ಪರೀಕ್ಷೆ ಕಾಕ್ಲಿಯಾದ ಹೊರ ರೋಮಕೋಶಗಳು ತಾವಾಗಿ ಹಿಂದಿರುಗಿಸುವ ಅತಿ ಮೆಲ್ಲನೆಯ ಸದ್ದನ್ನು ಪುಟ್ಟ ಮೈಕ್ರೊಫೋನಿನಲ್ಲಿ ಹಿಡಿಯುತ್ತದೆ. ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು 1978ರಲ್ಲಿ ತೋರಿಸಿಕೊಟ್ಟರು. ಅದು ಸರಿಯಿದ್ದು ಮುಂದಿನವು ಕೆಟ್ಟಿದ್ದರೆ ತೊಂದರೆ ಒಳಗಿವಿಯಲ್ಲಿಲ್ಲ, ನರಮಾರ್ಗದಲ್ಲಿದೆ ಎಂದಾಗುತ್ತದೆ. ಸ್ಟೇಪಿಡಿಯಲ್ ರಿಫ್ಲೆಕ್ಸ್ ಇನ್ನೊಂದು: ಜೋರು ಸದ್ದಿಗೆ, ಸುಮಾರು 70ರಿಂದ 100 ಡೆಸಿಬೆಲ್‌ಗೆ, ಮಧ್ಯಕಿವಿಯ ಪುಟ್ಟ ಸ್ನಾಯು ಎರಡೂ ಕಡೆ ತಾನಾಗಿ ಬಿಗಿಯುತ್ತದೆ. ಈ ಬಿಗಿತದ ಆಜ್ಞೆ ಶ್ರವಣನರದಿಂದ ಮೆದುಳಿನ ಕಾಂಡಕ್ಕೆ ಹೋಗಿ ಮುಖದ ನರದ ಮೂಲಕ ಹಿಂದಿರುಗುತ್ತದೆ. ಸದ್ದು ಕೊಟ್ಟ ಕಿವಿಯಲ್ಲಿ ಸ್ನಾಯು ಬಿಗಿದು, ಇನ್ನೊಂದು ಕಡೆ ಬಿಗಿಯದಿದ್ದರೆ ಕಾಂಡದೊಳಗೆ ದಾಟುವ ತಂತುಗಳ ಮೇಲೆ ಅನುಮಾನ ಬರುತ್ತದೆ. ಹತ್ತು ಸೆಕೆಂಡು ಸದ್ದು ಮುಂದುವರಿಸಿದಾಗ ಬಿಗಿತ ಅರ್ಧಕ್ಕಿಂತ ಕೆಳಗೆ ಜಾರಿದರೆ ಅದೂ ಒಂದು ಸೂಚನೆ. ಇದಕ್ಕೆ ರೋಗಿ ಏನೂ ಉತ್ತರಿಸಬೇಕಾಗಿಲ್ಲ, ಕೆಲವೇ ನಿಮಿಷ ಸಾಕು, ಸಾಮಾನ್ಯ ಶ್ರವಣ ಕೇಂದ್ರಗಳಲ್ಲಿಯೂ ಯಂತ್ರ ಇರುತ್ತದೆ. ಇದ್ದೂ ಎಷ್ಟೋ ಸಲ ಒಂದೇ ಕಡೆಯ ರಿಫ್ಲೆಕ್ಸ್ ನೋಡಿ ಮುಗಿಸಿಬಿಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಎಲ್ಲರ ಬಾಯಲ್ಲಿ ‘ಬೆರಾ’ ಎಂದಾಗಿರುವ ಬ್ರೈನ್‌ಸ್ಟೆಮ್ ಇವೋಕ್ಡ್ ರೆಸ್ಪಾನ್ಸ್ ಆಡಿಯೋಮೆಟ್ರಿ. ನಮ್ಮಲ್ಲಿ ಇದು ಹುಟ್ಟಿದ ಮಕ್ಕಳ ಪರೀಕ್ಷೆ ಎಂದೇ ಹೆಸರಾಗಿದೆ, ನಾನು ಹೋದ ದಿನವೂ ಹೊರಗಿನ ಬೆಂಚಿನಲ್ಲಿ ಇದ್ದವರೆಲ್ಲ ಮಡಿಲಲ್ಲಿ ಕೂಸು ಹಿಡಿದ ತಾಯಂದಿರು. ಒಳಗೆ ಹಣೆಯನ್ನೂ, ಎರಡು ಕಿವಿಗಳ ಹಿಂದಿನ ಎಲುಬಿನ ಮೇಲಿನ ಚರ್ಮವನ್ನೂ ಮರಳು ಬೆರೆತಂತಿರುವ ಜೆಲ್‌ನಿಂದ ಉಜ್ಜಿದರು. ಚರ್ಮದ ವಿದ್ಯುತ್ ರೋಧ ಕಡಿಮೆಯಾಗದೆ ಇಷ್ಟು ಸಣ್ಣ ಸಂಕೇತ ಸಿಗುವುದಿಲ್ಲ ಎಂದು ಶ್ರವಣ ತಜ್ಞರಾದ ಆಡಿಯೋಲಜಿಸ್ಟ್ ವಿವರಿಸಿದರು. ಆಮೇಲೆ ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಫೋಮ್ ತುದಿಯ ಇಯರ್‌ಫೋನ್ ಹಿಸುಕಿ ತೂರಿಸಿ, ಮಲಗಿಸಿ, ದವಡೆ ಸಡಿಲ ಬಿಡಿ, ನುಂಗಬೇಡಿ, ನಿದ್ದೆ ಬಂದರೆ ಮಾಡಿ ಎಂದರು. ಕುತ್ತಿಗೆಯ ಸ್ನಾಯು ಸ್ವಲ್ಪ ಬಿಗಿದರೂ ಅದರ ವಿದ್ಯುತ್ತು ಈ ಸಂಕೇತವನ್ನು ಮುಚ್ಚಿಬಿಡುತ್ತದೆ. ದೀಪ ಆರಿದ ಮೇಲೆ ಒಣಕಡ್ಡಿ ಮುರಿದ ಹಾಗಿನ ಟಕಟಕ ಸದ್ದು ಒಂದೇ ಸಮನೆ, ಸೆಕೆಂಡಿಗೆ ಹನ್ನೊಂದರಂತೆ. ಒಂದು ಟಕ್ಕಿಗೆ ಮೆದುಳಿನ ಕಾಂಡ ಕೊಡುವ ಉತ್ತರ ಒಂದು ಮೈಕ್ರೊವೋಲ್ಟಿಗಿಂತ ಕಡಿಮೆ, ಅದರ ಸುತ್ತ ಮೆದುಳಿನ ಇತರ ವಿದ್ಯುತ್ ಚಟುವಟಿಕೆ ಹತ್ತಾರು ಮೈಕ್ರೊವೋಲ್ಟ್. ಆದ್ದರಿಂದ ಒಂದರಿಂದ ಎರಡು ಸಾವಿರ ಟಕ್ಕುಗಳ ಉತ್ತರಗಳನ್ನು ಕಂಪ್ಯೂಟರ್ ಸರಾಸರಿ ಮಾಡುತ್ತದೆ. ಟಕ್ಕಿಗೆ ಸಂಬಂಧವಿಲ್ಲದ್ದು ಒಂದನ್ನೊಂದು ಅಳಿಸಿಕೊಳ್ಳುತ್ತಾ ಹೋಗಿ, ಸಂಬಂಧವಿದ್ದದ್ದು ತೆರೆಯ ಮೇಲೆ ಮೆಲ್ಲಗೆ ಅಲೆಗಳಾಗಿ ಏಳುತ್ತದೆ.

ಮೊದಲ ಹತ್ತು ಮಿಲಿಸೆಕೆಂಡುಗಳೊಳಗೆ ಕಾಣುವ ಈ ಅಲೆಗಳಿಗೆ ರೋಮನ್ ಅಂಕಿಗಳನ್ನು ಇಟ್ಟು ಜ್ಯೂವೆಟ್ ಮತ್ತು ವಿಲಿಸ್ಟನ್ 1971ರಲ್ಲಿ ವಿವರವಾಗಿ ಪ್ರಕಟಿಸಿದರು. ಒಂದನೆಯ ಅಲೆ ಶ್ರವಣನರದ ಕಿವಿಯ ಕಡೆಯ ತುದಿಯದು, ಸುಮಾರು 1.5 ಮಿಲಿಸೆಕೆಂಡಿಗೆ ಬರುತ್ತದೆ. ಮೂರನೆಯದು ಕಾಕ್ಲಿಯರ್ ನ್ಯೂಕ್ಲಿಯಸ್ಸಿನ ಆಸುಪಾಸಿನಿಂದ, ಐದನೆಯದು ಲ್ಯಾಟರಲ್ ಲೆಮ್ನಿಸ್ಕಸ್ ಕೊಲಿಕ್ಯುಲಸ್‌ಗೆ ಸೇರುವ ಕಡೆಯಿಂದ, 5.5 ಮಿಲಿಸೆಕೆಂಡಿನ ಸುಮಾರಿಗೆ. ಒಂದರಿಂದ ಐದಕ್ಕೆ ಇರುವ ಅಂತರ ಆರೋಗ್ಯವಂತರಲ್ಲಿ ಸುಮಾರು 4 ಮಿಲಿಸೆಕೆಂಡ್, ಸುಮಾರು 4.5 ದಾಟಿದರೆ, ಇಲ್ಲವೇ ಎರಡು ಕಿವಿಗಳ ಐದನೆಯ ಅಲೆಗಳ ನಡುವೆ 0.4ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಯೋಚಿಸುತ್ತಾರೆ. ಎಂಎಸ್‌ನಲ್ಲಿ ಕಾಣುವ ಚಿತ್ರ ಹೀಗೆ: ಒಂದನೆಯ ಅಲೆ ಅಚ್ಚುಕಟ್ಟಾಗಿ ಇರುತ್ತದೆ, ಯಾಕೆಂದರೆ ಅದು ಶ್ವಾನ್ ಕೋಶಗಳ ರಾಜ್ಯದ್ದು, ಮುಂದಿನ ಅಲೆಗಳು ತಡವಾಗುತ್ತವೆ, ಐದನೆಯದು ಕುಗ್ಗುತ್ತದೆ, ಅಥವಾ ಕಾಣದೇ ಹೋಗುತ್ತದೆ. ನನ್ನ ಬಲಕಿವಿಯ ಅಂತರ 4.1, ಎಡಕಿವಿಯದು 4.9. ತೆರೆಯ ಮೇಲೆ ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ತೋರಿಸಿದಾಗ, ಎಡಗಡೆಯ ಐದನೆಯ ಗುಡ್ಡ ಬಲಕ್ಕೆ ಸರಿದು ತಗ್ಗಾಗಿ ಹರಡಿಕೊಂಡಿದ್ದನ್ನು ನೋಡಲು ಯಾವ ತರಬೇತಿಯೂ ಬೇಕಿರಲಿಲ್ಲ. ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡ ಅದು. ನನಗೆ ಅಂದು ಆದದ್ದು ಭಯಕ್ಕಿಂತ ಹೆಚ್ಚಾಗಿ ನೆಮ್ಮದಿ. ಗಮನದ ಕೊರತೆ ಎಂದು ಹೇಳಿಸಿಕೊಂಡದ್ದಕ್ಕೆ ಒಂದು ಜಾಗ, ಒಂದು ಅಳತೆ ಸಿಕ್ಕಿತ್ತು.

ದಿಕ್ಕು ತಿಳಿಯದಿರುವುದಕ್ಕೂ ಇದೇ ತಡಕ್ಕೂ ನೇರ ನಂಟಿದೆ. ಪೂರ್ತಿ ಒಂದು ಪಕ್ಕದಿಂದ ಬಂದ ಸದ್ದು ಹತ್ತಿರದ ಕಿವಿಗೂ ದೂರದ ಕಿವಿಗೂ ತಲುಪುವ ಹೊತ್ತಿನಲ್ಲಿ ಇರುವ ಗರಿಷ್ಠ ಅಂತರ ಸುಮಾರು 0.6ರಿಂದ 0.7 ಮಿಲಿಸೆಕೆಂಡ್, ಮತ್ತು ಅನುಕೂಲ ಸಂದರ್ಭದಲ್ಲಿ ಮನುಷ್ಯ ಹತ್ತು ಮೈಕ್ರೊಸೆಕೆಂಡಿನಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಬಲ್ಲ. ಎರಡು ಕಿವಿಗಳ ಸಂಕೇತಗಳನ್ನು ಹೋಲಿಸಿ ಈ ಲೆಕ್ಕ ಹಾಕುವ ಮೊದಲ ಠಾಣೆ ಸುಪೀರಿಯರ್ ಆಲಿವ್. ಅಲ್ಲಿಗೆ ಬರುವ ತಂತುಗಳ ಹೊತ್ತೇ ಕೆಟ್ಟರೆ ಹಾರ್ನ್ ಎತ್ತಲಿಂದ ಬಂತು ಎಂಬ ನಿರ್ಣಯ ತಪ್ಪುತ್ತದೆ, ಜೊತೆಗೆ ಗದ್ದಲದಿಂದ ಒಂದು ದನಿಯನ್ನು ಬೇರೆ ಮಾಡಿ ಎತ್ತಿಕೊಳ್ಳುವ ಸಾಮರ್ಥ್ಯವೂ ಹೋಗುತ್ತದೆ. ಇದನ್ನು ಅಳೆಯುವ ಮಾಸ್ಕಿಂಗ್ ಲೆವೆಲ್ ಡಿಫರೆನ್ಸ್ ಎಂಬ ಪರೀಕ್ಷೆ ನನಗೆ ವಿಜ್ಞಾನದ ಟೀಚರಾಗಿ ಬಹಳ ಇಷ್ಟವಾದದ್ದು. ಎರಡೂ ಕಿವಿಗಳಿಗೆ ಒಂದೇ ಗದ್ದಲ, ಅದರೊಳಗೆ 500 ಹರ್ಟ್ಸ್‌ನ ಒಂದೇ ಸ್ವರ ಕೊಟ್ಟು, ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ ಎಂದು ನೋಡುತ್ತಾರೆ. ಆಮೇಲೆ ಒಂದು ಕಿವಿಯ ಸ್ವರದ ಅಲೆಯನ್ನು ಮಾತ್ರ ತಲೆಕೆಳಗು ಮಾಡುತ್ತಾರೆ. ಆರೋಗ್ಯವಂತರಿಗೆ ಸ್ವರ ಆಗ ಗದ್ದಲದಿಂದ ಎದ್ದು ನಿಂತಂತಾಗಿ, ಸುಮಾರು 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಮೆಲ್ಲಗಾದರೂ ಕೇಳಿಸುತ್ತದೆ. ಮೆದುಳಿನ ಕಾಂಡದ ಕೆಳಭಾಗದಲ್ಲಿ ಎಂಎಸ್‌ನ ಗಾಯಗಳಿದ್ದವರಲ್ಲಿ ಈ ಲಾಭ ಕುಗ್ಗಿಹೋಗಿರುತ್ತದೆ. ಬೆಲೆಬಾಳುವ ಯಂತ್ರ ಬೇಡ, ಎರಡು ಚಾನೆಲ್ಲಿನ ಆಡಿಯೋಮೀಟರ್ ಸಾಕು. ಆದರೂ ಇದನ್ನು ಮಾಡುವ ಕಡೆಗಳು ಕಡಿಮೆ.

ಮೆದುಳಿನ ಇನ್ನೂ ಮೇಲಿನ ಭಾಗಕ್ಕೆ ಡೈಕಾಟಿಕ್ ಪರೀಕ್ಷೆ ಇದೆ. ಎಡಕಿವಿಗೆ ಒಂದು ಅಂಕಿ, ಅದೇ ಕ್ಷಣ ಬಲಕಿವಿಗೆ ಇನ್ನೊಂದು ಅಂಕಿ, ಎರಡನ್ನೂ ಹೇಳಬೇಕು. ಹೆಚ್ಚಿನವರಲ್ಲಿ ಭಾಷೆಯ ಕೇಂದ್ರ ಎಡ ಮೆದುಳಿನಲ್ಲಿರುವುದರಿಂದ ಎಡಕಿವಿಯ ಮಾತು ಬಲ ಮೆದುಳಿಗೆ ಬಂದು, ಕಾರ್ಪಸ್ ಕಲೋಸಮ್ ಎಂಬ ತಂತುಗಳ ಸೇತುವೆ ದಾಟಿ ಈಚೆಗೆ ಬರಬೇಕು. ಎಂಎಸ್ ಗಾಯಗಳಿಗೆ ಆ ಸೇತುವೆ ಅಚ್ಚುಮೆಚ್ಚಿನ ಜಾಗ. ಅಲ್ಲಿ ಹಾನಿಯಿದ್ದವರು ಬಲಗಡೆಯ ಅಂಕಿಗಳನ್ನೆಲ್ಲ ಸರಿಯಾಗಿ ಹೇಳಿ ಎಡಗಡೆಯವನ್ನು ಬಿಟ್ಟುಬಿಡುತ್ತಾರೆ.

ಇನ್ನು ಉಳಿದದ್ದು ಗದ್ದಲದಲ್ಲಿ ಮಾತಿನ ಪರೀಕ್ಷೆ. ಎಂಎಸ್ ರೋಗಿಯ ನಿತ್ಯದ ದೂರಿಗೆ ತೀರ ಹತ್ತಿರವಾದದ್ದು ಇದೇ, ನಮ್ಮ ಜಿಲ್ಲೆಯಲ್ಲಿ ತೀರ ಕಷ್ಟವಾದದ್ದೂ ಇದೇ. ಒಂದು ಕಡೆ ನನಗೆ ಇಂಗ್ಲಿಷ್ ಪದಗಳ ಪಟ್ಟಿ ಹಾಕಿದರು. ನಾನು ಇಂಗ್ಲಿಷ್ ಓದಬಲ್ಲೆ, ಮಾತಾಡಬಲ್ಲೆ, ಆದರೆ ಗದ್ದಲದೊಳಗಿನಿಂದ ಅರ್ಧ ಕೇಳಿದ ಪದವನ್ನು ಪೂರ್ತಿ ಮಾಡಿಕೊಳ್ಳುವ ಶಕ್ತಿ ಯಾರಿಗೂ ಎಳವೆಯ ಭಾಷೆಯಲ್ಲಿ ಇದ್ದಷ್ಟು ಆಮೇಲೆ ಕಲಿತ ಭಾಷೆಯಲ್ಲಿ ಇರುವುದಿಲ್ಲ. ಕಡಿಮೆ ಅಂಕ ಬಂದರೆ ಅದು ಮೆದುಳಿನ ಕಾಂಡದ ತಪ್ಪೋ, ಪಟ್ಟಿಯ ತಪ್ಪೋ? ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳೂ, ಗದ್ದಲದೊಂದಿಗೆ ಕೇಳಿಸುವ ಕನ್ನಡ ವಾಕ್ಯಗಳೂ ಸಿದ್ಧವಾಗಿವೆ, ಹಾಗಾಗಿ ಕನ್ನಡಿಗರಿಗೆ ಕನ್ನಡದಲ್ಲಿ ಪರೀಕ್ಷೆ ಕೇಳುವ ಹಕ್ಕೂ ಇದೆ, ಸೌಕರ್ಯವೂ ಇದೆ. ನಾನು ಕೇಳಿ ಪಡೆದೆ, ಅಂಕ ಗದ್ದಲವಿಲ್ಲದಾಗ ಉತ್ತಮವಾಗಿದ್ದು ಗದ್ದಲ ಏರಿದಂತೆ ಎಡಕಿವಿಯಲ್ಲಿ ಥಟ್ಟನೆ ಕುಸಿಯಿತು. ಆದರೆ ನಮ್ಮ ಜಿಲ್ಲೆಯಲ್ಲಿ ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳ ಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಕೋಲಾರ ಪೇಟೆಯ ಹಲವು ಬೀದಿಗಳಲ್ಲಿ ಉರ್ದು. ಆ ಮನೆಗಳ ರೋಗಿಗಳಿಗೆ ಕನ್ನಡ ಪಟ್ಟಿ ಹಾಕಿದರೆ ನನಗೆ ಇಂಗ್ಲಿಷ್ ಪಟ್ಟಿ ಹಾಕಿದಷ್ಟೇ ಅನ್ಯಾಯ. ಪರೀಕ್ಷೆಗೆ ಹೆಸರು ಬರೆಸುವಾಗಲೇ ಮನೆಮಾತು ಯಾವುದು ಎಂದು ಕೇಳಿ ದಾಖಲಿಸುವುದು ಪ್ರತಿ ಶ್ರವಣ ಕೇಂದ್ರದ ರೂಢಿಯಾಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಗದ್ದಲದ ಮಾತಿನ ಪರೀಕ್ಷೆಯಲ್ಲಿ ಇನ್ನೊಂದು ತೊಡಕಿದೆ. ಕೇಳಿದ ವಾಕ್ಯವನ್ನು ನೆನಪಿನಲ್ಲಿ ಹಿಡಿದು ಹೇಳಬೇಕು. ಎಂಎಸ್‌ನಲ್ಲಿ ಆಲೋಚನೆಯ ವೇಗ ತಗ್ಗುವುದು, ಬೇಗ ದಣಿಯುವುದು ಎರಡೂ ಸಾಮಾನ್ಯ. ಮಧ್ಯಾಹ್ನದ ಬಿಸಿಲಲ್ಲಿ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಸರದಿಯಲ್ಲಿ ಕಾದು, ದಣಿದ ಮೇಲೆ ಮಾಡಿಸಿದ ಪರೀಕ್ಷೆ ಕಿವಿಯನ್ನು ಅಳೆಯುತ್ತದೋ ಸುಸ್ತನ್ನು ಅಳೆಯುತ್ತದೋ ಹೇಳುವುದು ಕಷ್ಟ. ಬೆಳಗಿನ ಹೊತ್ತು ಕೇಳಿ ಪಡೆಯುವುದು ಒಳ್ಳೆಯದು. ನಿದ್ದೆಯಲ್ಲಿಯೂ ಬದಲಾಗದ ಬೆರಾ ಅಲೆಗಳಿಗೆ ಈ ತೊಡಕಿಲ್ಲ, ಆದ್ದರಿಂದಲೇ ಎರಡನ್ನೂ ಜೊತೆಗಿಟ್ಟು ಓದಬೇಕು.

ಬೆರಾದ ಮಿತಿಯನ್ನೂ ಹೇಳದಿದ್ದರೆ ನಾನು ಓದುಗರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಎಂಆರ್‌ಐ ಬರುವ ಮೊದಲು, 1970 ಮತ್ತು 80ರ ದಶಕಗಳಲ್ಲಿ, ಲಕ್ಷಣ ತೋರಿಸದೆ ಅಡಗಿರುವ ಗಾಯಗಳನ್ನು ಹುಡುಕಲು ಇಂಥ ಪರೀಕ್ಷೆಗಳು ದೊಡ್ಡ ಆಧಾರವಾಗಿದ್ದವು. ಎಂಎಸ್ ಎಂದು ಖಚಿತಪಡಿಸುವ 1983ರ ಪೋಸರ್ ಮಾನದಂಡಗಳಲ್ಲಿ ಅವುಗಳಿಗೆ ಸಾಕ್ಷ್ಯದ ಸ್ಥಾನವಿತ್ತು. 2001ರಲ್ಲಿ ಮೊದಲು ಬಂದು ಮತ್ತೆ ಮತ್ತೆ ಪರಿಷ್ಕಾರವಾದ ಮ್ಯಾಕ್‌ಡೊನಾಲ್ಡ್ ಮಾನದಂಡಗಳು ರೋಗದ ದಾಳಿಗಳು, ಎಂಆರ್‌ಐ, ಬೆನ್ನುಹುರಿಯ ದ್ರವ ಮುಖ್ಯವಾಗಿ ಇವುಗಳ ಮೇಲೆ ನಿಂತಿವೆ, ಬೆರಾಕ್ಕೆ ಅಲ್ಲಿ ಜಾಗವಿಲ್ಲ. ರೋಗ ಪತ್ತೆಗೆ ಅದು ಈಗ ಬೇಡ ಎನ್ನುವುದನ್ನು ನಾನು ಒಪ್ಪುತ್ತೇನೆ. ಎಂಎಸ್ ಇದ್ದವರಲ್ಲಿಯೂ ಬೆರಾ ನಾರ್ಮಲ್ ಬರಬಹುದು, ಅದರಿಂದ ಕಾಯಿಲೆ ಇಲ್ಲವೆಂದಾಗುವುದಿಲ್ಲ. ಆದರೆ ಎಂಆರ್‌ಐ ಗಾಯದ ಜಾಗ ತೋರಿಸುತ್ತದೆ, ಆ ದಾರಿ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ತೋರಿಸುವುದಿಲ್ಲ. ಕೇಳಿಸುವುದರಲ್ಲಿ ತೊಂದರೆ ಇದೆ ಎನ್ನುವ ರೋಗಿಗೆ ಬೇಕಾದ ಉತ್ತರ ಎರಡನೆಯದು, ಆದ್ದರಿಂದ ರೋಗ ಪತ್ತೆಗೆ ಬೇಡವಾದ ಪರೀಕ್ಷೆ ರೋಗಿಗೂ ಬೇಡ ಎಂದು ಕೈಬಿಡುವುದು ಸರಿಯಲ್ಲ.

ಒಂದು ಎಚ್ಚರಿಕೆ. ಒಂದು ಕಿವಿ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಥಟ್ಟನೆ ಮಂದವಾದರೆ ಕಾಯಬಾರದು. ಎಂಎಸ್‌ನ ದಾಳಿಯಿಂದ ಹಾಗಾಗುವುದು ಅಪರೂಪವಾದರೂ ಉಂಟು, ಬಹಳಷ್ಟು ಸಲ ಚೇತರಿಕೆಯೂ ಉಂಟು. ಎಂಎಸ್‌ಗೆ ಸಂಬಂಧವೇ ಇಲ್ಲದ ಕಾರಣಗಳೂ ಇರಬಹುದು, ಅವುಗಳಲ್ಲಿ ಕೆಲವಕ್ಕೂ ಸ್ಟಿರಾಯ್ಡ್ ಚಿಕಿತ್ಸೆ ಬೇಗ ಆರಂಭವಾದಷ್ಟು ಫಲ ಹೆಚ್ಚು. ಕಿವಿ ವೈದ್ಯರು, ನರರೋಗ ವೈದ್ಯರು ಇಬ್ಬರಿಗೂ ಅದೇ ದಿನ ತಿಳಿಸಬೇಕು. ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟುವುದೂ ಬೇಡ, ನಮಗೂ ಎಲ್ಲರಂತೆ ಕಿವಿಯಲ್ಲಿ ಗುಗ್ಗೆ ಕಟ್ಟುತ್ತದೆ, ಸೋಂಕಾಗುತ್ತದೆ, ವಯಸ್ಸಾಗುತ್ತದೆ.

ಸರ್ಕಾರದ ಕಾಗದಪತ್ರದಲ್ಲಿ ಈ ತೊಂದರೆಗೆ ಹೆಸರಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದೆ, ಅದು ದೊಡ್ಡ ಉಪಕಾರ. ಶ್ರವಣದೋಷಕ್ಕೆ ಮಾತ್ರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 60 ಡೆಸಿಬೆಲ್‌ನಷ್ಟಾದರೂ ನಷ್ಟವಿರಬೇಕು. 25ರ ಒಳಗೇ ಇರುವ ನಾನು ಆ ಅಳತೆಗೆ ಪೂರ್ತಿ ಆರೋಗ್ಯವಂತಳು.

ಕಿವಿಯ ಯಂತ್ರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಮಾನ್ಯ ಹಿಯರಿಂಗ್ ಏಡ್ ಸದ್ದನ್ನು ಜೋರು ಮಾಡುತ್ತದೆ, ನನಗೆ ಜೋರಿನ ಕೊರತೆಯಿಲ್ಲ. ನನಗೆ ಉಪಯೋಗವಾದದ್ದು ಮಾತಾಡುವವರ ಕೊರಳಿಗೆ ಹಾಕುವ ಪುಟ್ಟ ಮೈಕ್ರೊಫೋನಿನಿಂದ ನೇರ ನನ್ನ ಕಿವಿಗೆ ದನಿ ತರುವ ರಿಮೋಟ್ ಮೈಕ್ ವ್ಯವಸ್ಥೆ; ಗದ್ದಲಕ್ಕೆ ಹೋಲಿಸಿದರೆ ಮಾತಿನ ಪ್ರಮಾಣವನ್ನು ಅದು ಹೆಚ್ಚಿಸುತ್ತದೆ. ತರಗತಿಯಲ್ಲಿ ಉತ್ತರ ಹೇಳುವ ಮಗು ಆ ಮೈಕನ್ನು ಕೈಯಲ್ಲಿ ಹಿಡಿದು ಹೇಳುತ್ತದೆ, ಮಕ್ಕಳಿಗೆ ಅದೊಂದು ಸಂಭ್ರಮ. ಹೆಡ್ ಮೇಡಂಗೆ ಬೆರಾ ಕಾಗದ ತೋರಿಸಿದ ಮೇಲೆ ಆಟದ ಮೈದಾನದ ಕಡೆಯ ಕೋಣೆಯಿಂದ ಹಿಂದಿನ ಸಾಲಿನ ಕೋಣೆಗೆ ನನ್ನ ತರಗತಿ ಬದಲಾಯಿತು. ಸಭೆಗಳಲ್ಲಿ ಎಡಕಿವಿ ಗೋಡೆಯ ಕಡೆ, ಬಲಕಿವಿ ಜನರ ಕಡೆ ಇರುವ ಕುರ್ಚಿ ಹಿಡಿಯುತ್ತೇನೆ. ಮನೆಯವರು ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು ಎದುರು ಬಂದು ಮಾತಾಡುತ್ತಾರೆ.

ನಿಮಗೋ ನಿಮ್ಮವರಿಗೋ ಎಂಎಸ್ ಇದ್ದು ಇಂಥ ದೂರಿದ್ದರೆ, ಆಡಿಯೋಲಜಿಸ್ಟ್‌ರಲ್ಲಿ ಆಡಿಯೋಗ್ರಾಂ ಜೊತೆಗೆ ಎರಡೂ ಕಡೆಯ ರಿಫ್ಲೆಕ್ಸ್, ಓಟೋಅಕೌಸ್ಟಿಕ್ ಎಮಿಷನ್, ಬೆರಾ, ಮನೆಮಾತಿನಲ್ಲಿ ಗದ್ದಲದ ಮಾತಿನ ಪರೀಕ್ಷೆ ಇಷ್ಟನ್ನು ಹೆಸರು ಹಿಡಿದು ಕೇಳಿ. ಜಿಲ್ಲೆಯಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗದ ಜೊತೆಗೇ ವಾಕ್ ಶ್ರವಣ ವಿಭಾಗವೂ ಇದೆ. ಬೆರಾ ಆದ ಮೇಲೆ ‘ನಾರ್ಮಲ್’ ಅಥವಾ ‘ಅಬ್‌ನಾರ್ಮಲ್’ ಎಂಬ ಒಂದು ಸಾಲಿನ ವರದಿಯ ಜೊತೆ ಅಲೆಗಳ ಚಿತ್ರದ ಪ್ರತಿಯನ್ನೂ ಪಡೆದುಕೊಳ್ಳಿ. ಅದರ ಮೇಲೆ ಟಕ್ಕಿನ ಜೋರು, ಸೆಕೆಂಡಿಗೆ ಎಷ್ಟು, ಅದರ ಪೊಲಾರಿಟಿ (ಸದ್ದಿನ ಅಲೆ ಶುರುವಾಗುವ ದಿಕ್ಕು), ಎಷ್ಟು ಸಾವಿರದ ಸರಾಸರಿ ಎಂಬುದೆಲ್ಲ ಅಚ್ಚಾಗಿರಬೇಕು, ಯಾಕೆಂದರೆ ಈ ಸೆಟ್ಟಿಂಗ್ ಬದಲಾದರೆ ಅಲೆಯ ಹೊತ್ತೂ ಬದಲಾಗುತ್ತದೆ ಮತ್ತು ಮುಂದಿನ ವರ್ಷದ ಪರೀಕ್ಷೆಯೊಡನೆ ಹೋಲಿಸಲು ಬರುವುದಿಲ್ಲ. ನನ್ನ ಫೈಲಿನ ಮೊದಲ ಪುಟದಲ್ಲಿ ಈಗ ಎಂಆರ್‌ಐ ವರದಿಯ ಪಕ್ಕದಲ್ಲಿ ಆ ಚಿತ್ರವನ್ನೇ ಇಟ್ಟಿದ್ದೇನೆ, ಹೊಸ ವೈದ್ಯರ ಬಳಿ ಹೋದಾಗ ಮಾತು ಅಲ್ಲಿಂದಲೇ ಶುರುವಾಗುತ್ತದೆ.